ಮೊದಲ ಸಂಬಳಕ್ಕೆ ಏನು ತಗೊಳ್ಳೋದು: ವರ್ನಿಯರ್, ಡಿಜಿಟಲ್, ಇಲ್ಲಾ ಮೈಕ್ರೋಮೀಟರ್?

"ಅಣ್ಣ, ಸಂಬಳ ಆಯ್ತು. ಒಂದು ಡಿಜಿಟಲ್ ವರ್ನಿಯರ್ ತಗೊಂಡ್‌ಬಿಡ್ಲಾ?"

ಪೀಣ್ಯದ ನಮ್ಮ ಮಷಿನ್ ಶಾಪಿಗೆ ಐಟಿಐ ಮುಗಿಸಿ ಬರುವ ಹುಡುಗರಲ್ಲಿ ವರ್ಷಕ್ಕೊಬ್ಬನಾದರೂ ಇದನ್ನು ಕೇಳುತ್ತಾನೆ. ವರ್ನಿಯರ್ ಅಂದರೆ ಎರಡು ದವಡೆಗಳ (ಜಾ) ನಡುವೆ ವಸ್ತುವನ್ನು ಹಿಡಿದು ಅಳೆಯುವ ಕ್ಯಾಲಿಪರ್, ಡಿಜಿಟಲ್ ಆದರೆ ಅಳತೆ ಪರದೆಯ ಮೇಲೆ ಬರುತ್ತದೆ. ಮೈಕ್ರೋಮೀಟರ್ ಅಂದರೆ ಸ್ಕ್ರೂ ತಿರುಗಿಸಿ ಇನ್ನೂ ನಿಖರವಾಗಿ ಅಳೆಯುವ ಸಾಧನ. ನನ್ನ ಉತ್ತರವೂ ಬದಲಾಗಿಲ್ಲ: ತಗೋ, ಆದರೆ ಈಗಲೇ ಬೇಡ. ಯಾಕೆ ಬೇಡ ಅಂತ ವಿವರಿಸುವಷ್ಟರಲ್ಲಿ ಟೀ ಬ್ರೇಕ್ ಮುಗಿದು ಮಷಿನ್ ಕರೆಯುತ್ತದೆ. ಹಾಗಾಗಿ ಒಮ್ಮೆ ಕೂತು ಪೂರ್ತಿ ಬರೆದುಬಿಡುತ್ತೇನೆ.

ಅಂಗಡಿಗೆ ಹೋಗುವ ಮೊದಲು ಡ್ರಾಯಿಂಗ್ ನೋಡಿ

ಯಾವ ಉಪಕರಣ ಬೇಕು ಅನ್ನೋದನ್ನು ತೀರ್ಮಾನಿಸಬೇಕಾದ್ದು ಡ್ರಾಯಿಂಗ್. ಒಂದು ಸಾಮಾನ್ಯ ಶಾಫ್ಟ್ ತೆಗೆದುಕೊಳ್ಳಿ. 6205 ಬೇರಿಂಗ್ ಕೂರುವ ಜಾಗ, ಡಯಾ (ವ್ಯಾಸ) 25 ಮಿ.ಮೀ., ಫಿಟ್ ಕೆ6 (ಬೇರಿಂಗ್ ಎಷ್ಟು ಬಿಗಿಯಾಗಿ ಕೂರಬೇಕು ಎನ್ನುವ ಗುರುತು). ಅಂದರೆ ಸೈಜ್ 25.002ರಿಂದ 25.015ರ ಒಳಗೆ ಬರಬೇಕು. ನಿಮ್ಮ ಕೈಯಲ್ಲಿರುವ ಟಾಲರೆನ್ಸ್, ಅಂದರೆ ಸೈಜ್ ಆಚೀಚೆ ಆಗಲು ಬಿಟ್ಟ ಜಾಗ, ಬರೀ 13 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ). ಅದೇ ಶಾಫ್ಟಿನಲ್ಲಿ ಸ್ಟೆಪ್‌ನ ಉದ್ದ 40, ಪ್ಲಸ್ ಆರ್ ಮೈನಸ್ 0.2. ಒಂದೇ ಜಾಬ್ (ಮಷಿನ್ನಿನಲ್ಲಿ ಮಾಡುತ್ತಿರುವ ವಸ್ತು), ಆದರೆ ಉದ್ದಕ್ಕೆ ಯಾವ ಕ್ಯಾಲಿಪರ್ ಆದರೂ ನಡೆಯುತ್ತದೆ, ಬೇರಿಂಗ್ ಸೀಟಿಗೆ ಯಾವ ಕ್ಯಾಲಿಪರೂ ನಡೆಯುವುದಿಲ್ಲ.

ಹುಡುಗರು ಎಡವುವುದು ಇಲ್ಲೇ. ಡಿಜಿಟಲ್ ಡಿಸ್‌ಪ್ಲೇ 0.01 ತೋರಿಸುತ್ತದೆ, ಮೈಕ್ರೋಮೀಟರೂ 0.01 ಓದುತ್ತದೆ, ಹಾಗಾದರೆ ಎರಡೂ ಒಂದೇ ಅಲ್ಲವಾ ಎಂದು ಕೇಳುತ್ತಾರೆ. ಅಲ್ಲ. ಒಳ್ಳೆಯ ಕಂಪನಿಯ 150 ಮಿ.ಮೀ. ಡಿಜಿಟಲ್ ಕ್ಯಾಲಿಪರ್ ಕೂಡ ಖಾತ್ರಿ ಕೊಡುವುದು ಪ್ಲಸ್ ಆರ್ ಮೈನಸ್ 0.02 ಅಷ್ಟೇ. ಡಿಸ್‌ಪ್ಲೇ 25.01 ಎಂದರೆ ನಿಜವಾದ ಸೈಜ್ 24.99 ಇರಬಹುದು, 25.03 ಕೂಡ ಇರಬಹುದು. ಅದರ ಸ್ವಂತ ತಪ್ಪೇ ನಿಮ್ಮ ಟಾಲರೆನ್ಸಿನ ಮೂರು ಪಟ್ಟು. ಒಳ್ಳೆಯ ಮೈಕ್ರೋಮೀಟರಿನ ತಪ್ಪು 2ರಿಂದ 4 ಮೈಕ್ರಾನ್. ಉಪಕರಣದ ತಪ್ಪು ಟಾಲರೆನ್ಸಿನ ಹತ್ತನೇ ಒಂದು ಭಾಗ ಇರಬೇಕು, ಕೊನೆಗೆ ನಾಲ್ಕನೇ ಒಂದಾದರೂ ಇರಬೇಕು ಎಂಬುದು ಶಾಪಿನ ಲೆಕ್ಕ. ಈ 13 ಮೈಕ್ರಾನಿಗೆ ಮೈಕ್ರೋಮೀಟರ್ ಕೂಡ ಆ ನಾಲ್ಕನೇ ಒಂದರ ಹತ್ತಿರ ಬರುತ್ತದೆ, ಅಷ್ಟೇ.

ಇನ್ನೊಂದು ವಿಷಯ, ಇದನ್ನು ಅಂಗಡಿಯವನು ಹೇಳುವುದಿಲ್ಲ. ಮೊದಲ ಮೈಕ್ರೋಮೀಟರ್ ಎಂದು ಎಲ್ಲರೂ 0–25 ತರುತ್ತಾರೆ. ಮೇಲಿನ ಶಾಫ್ಟಿಗೆ ಅದು ಉಪಯೋಗಕ್ಕಿಲ್ಲ, ಸೈಜ್ 25ಕ್ಕಿಂತ ಮೇಲಿದೆ. ಅದಕ್ಕೆ 25–50 ಬೇಕು. ನಿಮ್ಮ ಶಾಪಿನಲ್ಲಿ ದಿನಾ ಬರುವ ಜಾಬ್‌ಗಳ ಡಯಾ ಎಷ್ಟೆಷ್ಟು ಎಂದು ಒಂದು ವಾರ ಬರೆದಿಟ್ಟುಕೊಂಡು ಆಮೇಲೆ ಅಂಗಡಿಗೆ ಹೋಗಿ.

ಮೂರು ಬಗೆಯ ಕ್ಯಾಲಿಪರ್

ಮಾಮೂಲಿ ವರ್ನಿಯರ್, ಡಯಲ್ ಕ್ಯಾಲಿಪರ್, ಡಿಜಿಟಲ್. ಅಂದಹಾಗೆ ವರ್ನಿಯರ್ ಎಂಬುದು ಒಬ್ಬ ಮನುಷ್ಯನ ಹೆಸರು. 1631ರಲ್ಲಿ ಈ ಜಾರುವ ಸ್ಕೇಲಿನ ಬಗ್ಗೆ ಬರೆದ ಫ್ರಾನ್ಸಿನ ಪಿಯರ್ ವರ್ನಿಯರ್. ಡಿಜಿಟಲ್ಲಿನೊಳಗೆ ಆ ಸ್ಕೇಲೇ ಇಲ್ಲ, ಆದರೂ ನಮ್ಮಲ್ಲಿ ಎಲ್ಲರೂ 'ಡಿಜಿಟಲ್ ವರ್ನಿಯರ್' ಅಂತಲೇ ಅನ್ನೋದು. ನಾನೂ ಅನ್ನುತ್ತೇನೆ.

ಕಲಿಯುವವರಿಗೆ ನಾನು ಹೇಳುವುದು ಲೀಸ್ಟ್ ಕೌಂಟ್ (ಓದಬಹುದಾದ ಅತಿ ಸಣ್ಣ ಅಳತೆ) 0.02 ಇರುವ ಮಾಮೂಲಿ ವರ್ನಿಯರ್. ಅದರಲ್ಲಿ ಮೇನ್ ಸ್ಕೇಲಿನ 49 ಮಿ.ಮೀ. ಜಾಗವನ್ನು ವರ್ನಿಯರ್ ಸ್ಕೇಲ್ 50 ಭಾಗ ಮಾಡಿಕೊಂಡಿರುತ್ತದೆ, ಹಾಗಾಗಿ ಒಂದೊಂದು ಗೆರೆಗೂ 0.02 ವ್ಯತ್ಯಾಸ. ಸೊನ್ನೆ ಗೆರೆ 24 ದಾಟಿದೆ, ಕೆಳಗಿನ ಸ್ಕೇಲಿನಲ್ಲಿ 7 ಎಂಬ ಅಂಕೆ ದಾಟಿ ಎರಡನೇ ಗೆರೆ ಮೇಲಿನ ಗೆರೆಯ ಜೊತೆ ಸರಿಯಾಗಿ ಕೂಡಿದೆ ಎಂದರೆ 24.74. ಮೊದಲ ವಾರ ಒಂದು ರೀಡಿಂಗಿಗೆ ಅರ್ಧ ನಿಮಿಷ ಬೇಕಾಗುತ್ತದೆ, ತಿಂಗಳಾದ ಮೇಲೆ ಎರಡು ಸೆಕೆಂಡು. ಕೂಡಿದ ಗೆರೆ ಇದೋ ಅದರ ಪಕ್ಕದ್ದೋ ಎಂದು ಅನುಮಾನ ಬಂದರೆ ಎರಡೂ ಕಡೆಯ ಗೆರೆಗಳನ್ನು ನೋಡಿ. ಸರಿಯಾದ ಗೆರೆಯ ಎಡಕ್ಕೂ ಬಲಕ್ಕೂ ಒಂದೇ ಅಳತೆಯ ಸಣ್ಣ ಸಂದು ಕಾಣುತ್ತದೆ. ಕಣ್ಣು ಸ್ಕೇಲಿಗೆ ನೇರವಾಗಿರಲಿ, ಓರೆಯಿಂದ ನೋಡಿದರೆ ಒಂದು ಗೆರೆ ಆಚೀಚೆ ಆಗಿಯೇ ಆಗುತ್ತದೆ.

ವರ್ನಿಯರ್ ಕಲಿಸುವ ಮುಖ್ಯ ಪಾಠ ಓದುವುದಲ್ಲ, ಹಿಡಿಯುವುದು. ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ಜಾರುವ ಜಾ ಸ್ವಲ್ಪ ಓರೆಯಾಗುತ್ತದೆ, ಅಳತೆ ಕಡಿಮೆ ತೋರುತ್ತದೆ. ಜಾಬನ್ನು ಜಾದ ತುದಿಯಲ್ಲಿ ಹಿಡಿದರೆ ಇನ್ನೂ ಕಡಿಮೆ, ಬುಡದ ಹತ್ತಿರ ಹಿಡಿದರೆ ನಿಜಕ್ಕೆ ಹತ್ತಿರ. ಇದಕ್ಕೆ ಕಾರಣವನ್ನು 1890ರಲ್ಲೇ ಜರ್ಮನಿಯ ಅರ್ನ್ಸ್ಟ್ ಆಬೆ ಹೇಳಿದ್ದ: ಅಳೆಯುವ ವಸ್ತುವೂ ಸ್ಕೇಲೂ ಒಂದೇ ಗೆರೆಯ ಮೇಲಿರಬೇಕು. ಕ್ಯಾಲಿಪರಿನಲ್ಲಿ ಸ್ಕೇಲ್ ಒಂದು ಕಡೆ, ಜಾಬ್ ಇನ್ನೊಂದು ಕಡೆ. ಮೈಕ್ರೋಮೀಟರಿನಲ್ಲಿ ಸ್ಕ್ರೂ, ಜಾಬ್ ಎರಡೂ ಒಂದೇ ಸಾಲಿನಲ್ಲಿ. ಮೈಕ್ರೋಮೀಟರಿನ ಮೇಲೆ ಹೆಚ್ಚು ನಂಬಿಕೆ ಇಡುವುದಕ್ಕೆ ದೊಡ್ಡ ಕಾರಣ ಇದೇ. ನೀವೇ ಪರೀಕ್ಷೆ ಮಾಡಿ: ಒಂದೇ ಪಿನ್ನನ್ನು ಜಾದ ಬುಡದಲ್ಲಿ ಹಗುರವಾಗಿ, ತುದಿಯಲ್ಲಿ ಬಿಗಿಯಾಗಿ ಹಿಡಿದು ಓದಿ. ಎರಡು ಮೂರು ಗೆರೆಗಳ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಡಯಲ್ ಕ್ಯಾಲಿಪರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದಲು ಸುಲಭ, ಬ್ಯಾಟರಿ ಬೇಡ, ಮುಳ್ಳು ಚಲಿಸುವುದು ಕಾಣುವುದರಿಂದ ಕೈಗೂ ಹಿತ. ಆದರೆ ಒಳಗೆ ಸಣ್ಣ ಹಲ್ಲಿನ ಪಟ್ಟಿಯ ಮೇಲೆ ಗೇರ್ ಉರುಳುತ್ತದೆ. ಕಾಸ್ಟ್ ಐರನ್ ಪುಡಿಯೋ ಒಂದು ಸಣ್ಣ ಚಿಪ್ಸೋ ಆ ಹಲ್ಲಿಗೆ ಹೋದರೆ ಮುಳ್ಳು ಹಲ್ಲು ಬಿಟ್ಟು ಹಾರುತ್ತದೆ, ಸೊನ್ನೆ ಎಲ್ಲೆಲ್ಲಿಗೋ ಹೋಗುತ್ತದೆ. ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಸರಿ, ಲೇತಿನ ಪಕ್ಕಕ್ಕೆ ನಾನು ತರುವುದಿಲ್ಲ.

ಇನ್ನು ಡಿಜಿಟಲ್. ಅದನ್ನು ಹೀಗಳೆಯುವುದಿಲ್ಲ, ನನ್ನ ಡ್ರಾಯರಿನಲ್ಲೂ ಒಂದಿದೆ. ದಿನಕ್ಕೆ ಇನ್ನೂರು ಪೀಸ್ ಚೆಕ್ ಮಾಡಬೇಕಾದಾಗ ಗೆರೆ ಹುಡುಕುತ್ತಾ ಕೂರಲು ಆಗುವುದಿಲ್ಲ. ಇಂಚು–ಮಿ.ಮೀ. ಒಂದು ಬಟನ್ನಿಗೆ ಬದಲಾಗುತ್ತದೆ, ಎಕ್ಸ್‌ಪೋರ್ಟ್ ಡ್ರಾಯಿಂಗಿಗೆ ಅನುಕೂಲ. ಎಲ್ಲಿ ಬೇಕಾದರೂ ಸೊನ್ನೆ ಮಾಡಿಕೊಳ್ಳಬಹುದು, ವ್ಯತ್ಯಾಸ ನೇರವಾಗಿ ಕಾಣುತ್ತದೆ. ಆದರೆ ಆ ಸೊನ್ನೆ ಬಟನ್ನೇ ನನಗೆ ಒಮ್ಮೆ ಕೈ ಕೊಟ್ಟಿತು.

ಬಹಳ ವರ್ಷದ ಹಿಂದಿನ ಮಾತು, ಆಗ ಬೇರೆ ಕಡೆ ಕೆಲಸ ಮಾಡುತ್ತಿದ್ದೆ. ನೈಟ್ ಶಿಫ್ಟ್. ಕಾಸ್ಟ್ ಐರನ್ ಹೌಸಿಂಗ್, ಬೋರ್ (ಒಳಗಿನ ದುಂಡು ತೂತು) 52 ಎಚ್7, ಅಂದರೆ 52.00ರಿಂದ 52.03. ಬೋರ್ ಅಳೆಯುವ ಬೋರ್ ಗೇಜ್ ಕ್ಯೂಸಿ (ಗುಣಮಟ್ಟ ಪರೀಕ್ಷೆ) ರೂಮಿನಲ್ಲಿ, ರೂಮಿಗೆ ಬೀಗ. 'ಡಿಜಿಟಲ್ ಇದೆಯಲ್ಲ' ಎಂದುಕೊಂಡೆ. ಜಾ ಮುಚ್ಚಿದೆ, ಸೊನ್ನೆ ಒತ್ತಿದೆ. ಎರಡು ಜಾಗಳ ನಡುವೆ ಕೂದಲೆಳೆಯಷ್ಟು ಚಿಪ್ ಸಿಕ್ಕಿಕೊಂಡಿದ್ದು ಕಂಡಿರಲಿಲ್ಲ, ಸುಮಾರು 0.04. ಚಿಪ್ ಎಲ್ಲೋ ಉದುರಿ ಹೋಯಿತು, ಸೊನ್ನೆ ಮಾತ್ರ ಹಾಗೇ ಉಳಿಯಿತು. ಆಮೇಲಿನ ಪ್ರತಿ ರೀಡಿಂಗೂ ನಿಜಕ್ಕಿಂತ 0.04 ಕಡಿಮೆ. ಡಿಸ್‌ಪ್ಲೇಯಲ್ಲಿ 52.01 ಬರುವ ತನಕ ಕಟ್ ಕೊಟ್ಟೆ, ನಿಜದಲ್ಲಿ ಬೋರ್ 52.05 ಆಗಿತ್ತು. ಬೆಳಿಗ್ಗೆ ಕ್ಯೂಸಿಯವರು ಬೋರ್ ಗೇಜ್ ಇಳಿಸಿದಾಗ ಹದಿನೆಂಟಕ್ಕೆ ಹದಿನೆಂಟೂ ಸ್ಕ್ರ್ಯಾಪ್. ಅದೇ ತಪ್ಪು ಶಾಫ್ಟಿನಲ್ಲಿ ಆಗಿದ್ದರೆ ಜಾಬ್ ಓವರ್‌ಸೈಜ್ ಉಳಿಯುತ್ತಿತ್ತು, ಇನ್ನೊಂದು ಕಟ್ ಕೊಟ್ಟು ಬಚಾವಾಗುತ್ತಿದ್ದೆ. ಬೋರಿನಲ್ಲಿ ತೆಗೆದ ಲೋಹ ಮತ್ತೆ ಬರುವುದಿಲ್ಲ. ಎಚ್7 ಬೋರನ್ನು ಕ್ಯಾಲಿಪರಿನಲ್ಲಿ ಅಳೆದದ್ದು ನನ್ನ ಮೊದಲ ದಡ್ಡತನ, ಸೊನ್ನೆ ಚೆಕ್ ಮಾಡದೇ ಇದ್ದದ್ದು ಎರಡನೆಯದು.

ಮಾಮೂಲಿ ವರ್ನಿಯರಿನಲ್ಲಿ ಇದು ಹೀಗೆ ಆಗುತ್ತಿರಲಿಲ್ಲ, ಅದರ ಸೊನ್ನೆಯನ್ನು ಯಾರೂ ಒತ್ತಿ ಬದಲಿಸಲಾಗದು. ಜಾ ಮುಚ್ಚಿದಾಗ ಗೆರೆ ಕೂಡದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಡಿಜಿಟಲ್ ತಗೊಳ್ಳುವುದೇ ಆದರೆ ಮೊದಲು ಕೂಲೆಂಟಿನ (ಕಟ್ ಕೊಡುವಾಗ ತಂಪು ಮಾಡುವ ದ್ರವ) ಬಗ್ಗೆ ಯೋಚಿಸಿ. ಅಗ್ಗದವುಗಳ ಸ್ಕೇಲ್ ಕೆಪ್ಯಾಸಿಟಿವ್, ಒಂದು ಹನಿ ಕೂಲೆಂಟ್ ಬಿದ್ದರೂ ಅಂಕೆಗಳು ಕುಣಿಯುತ್ತವೆ. ಸಿಎನ್‌ಸಿ ಪಕ್ಕದಲ್ಲಿ ಬಳಸುವುದಾದರೆ ನೀರು, ಧೂಳು ಒಳಗೆ ಹೋಗದ ಐಪಿ67 ಎಂದು ಬರೆದಿರುವುದನ್ನೇ ಕೇಳಿ. ಅಗ್ಗದ್ದರಲ್ಲಿ ಆಫ್ ಮಾಡಿದರೂ ಒಳಗಿನ ಸರ್ಕ್ಯೂಟ್ ಬ್ಯಾಟರಿ ಹೀರುತ್ತಲೇ ಇರುತ್ತದೆ, ಕೆಲಸದ ಮಧ್ಯೆ ಸತ್ತು ಹೋಗುತ್ತದೆ. ಬ್ಯಾಟರಿ ಹಾಕುವಾಗ ಎಲ್‌ಆರ್44 ಬದಲು ಎಸ್‌ಆರ್44 ಹಾಕಿ. ನೋಡಲು ಎರಡೂ ಒಂದೇ ಥರ, ಎಸ್‌ಆರ್ ಸಿಲ್ವರ್ ಆಕ್ಸೈಡ್, ವೋಲ್ಟೇಜ್ ಕೊನೆಯ ತನಕ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ.

ಮೈಕ್ರೋಮೀಟರ್: ಬೆರಳ ತುದಿಯ ವಿದ್ಯೆ

1848ರಲ್ಲಿ ಪ್ಯಾರಿಸಿನ ಜಾನ್ ಲೊರಾಂ ಪಾಮರ್ ಪೇಟೆಂಟ್ ತೆಗೆದುಕೊಂಡ ಸಾಧನದ ರೂಪ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಸ್ಕ್ರೂ ಒಂದು ಸುತ್ತು ತಿರುಗಿದರೆ ಅರ್ಧ ಮಿ.ಮೀ. ಮುಂದೆ ಹೋಗುತ್ತದೆ, ತಿರುಗುವ ಥಿಂಬಲ್ ಮೇಲೆ 50 ಗೆರೆ, ಹಾಗಾಗಿ ಒಂದು ಗೆರೆಗೆ 0.01.

ಈ ಅರ್ಧ ಮಿ.ಮೀ. ಎಷ್ಟು ಜನರ ಜಾಬ್ ತಿಂದಿದೆಯೋ ಲೆಕ್ಕವಿಲ್ಲ. ಸ್ಲೀವ್ (ಒಳಗಿನ ತಿರುಗದ ಕೊಳವೆ) ಮೇಲೆ ಪೂರ್ತಿ ಮಿ.ಮೀ. ಗೆರೆ ಒಂದು ಕಡೆ, ಅರ್ಧದ ಗೆರೆ ಇನ್ನೊಂದು ಕಡೆ. ಥಿಂಬಲ್ ಅಂಚಿನಿಂದ ಅರ್ಧದ ಗೆರೆ ಆಗಷ್ಟೇ ಹೊರಗೆ ಇಣುಕುತ್ತಿದ್ದರೆ, ಅದನ್ನು ಎಣಿಸಬೇಕೋ ಬೇಡವೋ ಎಂದು ಹೊಸಬರು ತಡವರಿಸುತ್ತಾರೆ. ಆ ಗೆರೆಯನ್ನು ಎಣಿಸಲೇ ಮರೆತವರು 24.88 ಇದ್ದದ್ದನ್ನು 24.38 ಎಂದು ಓದುತ್ತಾರೆ. ಮೊದಲು ವರ್ನಿಯರ್ ತಗೊಳ್ಳಿ ಎನ್ನುವುದಕ್ಕೆ ನನ್ನ ಇನ್ನೊಂದು ಕಾರಣ ಇದು. ಮೊದಲು ವರ್ನಿಯರಿನಲ್ಲಿ ಒಮ್ಮೆ ಹಿಡಿದು ನೋಡಿ, ಅದು 24.9ರ ಹತ್ತಿರ ಅನ್ನುತ್ತದೆ. ಆಮೇಲೆ ಮೈಕ್ರೋಮೀಟರಿನಲ್ಲಿ 24.38 ಎಂದು ಓದಿದರೆ ನಿಮಗೇ ಅನುಮಾನ ಬರುತ್ತದೆ. ದೊಡ್ಡ ತಪ್ಪನ್ನು ಒಂದು ಹಿಡಿಯುತ್ತದೆ, ಸಣ್ಣದನ್ನು ಇನ್ನೊಂದು.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಪಳಗಿದವರು. ಮೈಕ್ರೋಮೀಟರ್ ಕೈಗೆ ಕೊಡುವ ಮೊದಲು ಬಿಳಿ ಕಾಗದದ ಒಂದು ಚೂರು ಕೊಡುತ್ತಿದ್ದರು. ಅದನ್ನು ಆನ್ವಿಲ್ (ಅಲುಗದ ತುದಿ) ಮತ್ತು ಸ್ಪಿಂಡಲ್ (ಸ್ಕ್ರೂ ಜೊತೆ ಚಲಿಸುವ ತುದಿ) ನಡುವೆ ಇಟ್ಟು ಹಗುರವಾಗಿ ಮುಚ್ಚಿ ಮೆಲ್ಲಗೆ ಎಳೆಯಬೇಕು. ಕಾಗದದ ಮೇಲೆ ಕಪ್ಪು ಗೆರೆ ಬಂದರೆ ಇನ್ನೂ ಕೊಳೆ ಇದೆ, ಇನ್ನೊಂದು ಚೂರು. ಕಾಗದ ಬಿಳಿಯಾಗೇ ಬಂದ ಮೇಲೆ ಸೊನ್ನೆ ನೋಡುವುದು. 25–50ರಲ್ಲಿ ಮುಚ್ಚಿ ನೋಡಲು ಆಗದು, ಜೊತೆಗೆ ಬರುವ 25 ಮಿ.ಮೀ. ಸ್ಟ್ಯಾಂಡರ್ಡ್ (ಅಳತೆ ಖಚಿತವಾಗಿ ಗೊತ್ತಿರುವ ತುಂಡು) ಹಿಡಿದು ನೋಡಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಆ ಸ್ಟ್ಯಾಂಡರ್ಡ್ ಬಾಕ್ಸಿನಲ್ಲಿ ಇದೆಯೋ ಇಲ್ಲವೋ ನೋಡಲು ಮರೆಯಬೇಡಿ.

ಅಳೆಯುವಾಗ ಥಿಂಬಲನ್ನು ಹಿಡಿದು ಬಿಗಿ ಮಾಡಬೇಡಿ, ಅದು ಸಿ ಕ್ಲಾಂಪ್ ಅಲ್ಲ. ಜಾಬಿನ ಹತ್ತಿರ ಬರುವ ತನಕ ಥಿಂಬಲ್, ಆಮೇಲೆ ಹಿಂದಿನ ರಾಚೆಟ್ (ಒತ್ತಡ ಸಾಕಾದಾಗ ಟಿಕ್ ಎಂದು ಜಾರುವ ತಿರುಪು). ಟಿಕ್, ಟಿಕ್, ಟಿಕ್, ಸಾಕು. ಆ ಹೊತ್ತಿಗೆ ಜಾಬನ್ನು ಒಂದಿಷ್ಟು ಅಲ್ಲಾಡಿಸಿ ಕೂರಿಸಿ. ಸ್ಪಿಂಡಲ್ ಶಾಫ್ಟಿನ ಮೇಲೆ ನೇರವಾಗಿ ಕೂತರೆ ಬೆರಳಿಗೆ ಒಂದು ಮೆದುವಾದ ಎಳೆತ ಸಿಗುತ್ತದೆ, ಬೆಣ್ಣೆ ಮೇಲೆ ಚಾಕು ಎಳೆದ ಹಾಗೆ. ಓರೆಯಾಗಿದ್ದರೆ ಕಡೆಯಲ್ಲಿ ಗೀರಿದ ಹಾಗೆ ಇರುತ್ತದೆ. ಇದನ್ನು ಬರೆದು ತಿಳಿಸುವುದು ಕಷ್ಟ, ನೂರು ಸಲ ಹಿಡಿದರೆ ಬರುತ್ತದೆ.

ಇನ್ನು ಬಿಸಿ. ಡ್ರಾಯಿಂಗಿನಲ್ಲಿರುವ ಸೈಜ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಬುದು ಅಂತರರಾಷ್ಟ್ರೀಯ ಒಪ್ಪಂದ. 50 ಡಯಾದ ಅಲ್ಯೂಮಿನಿಯಂ ಜಾಬ್ ಚಕ್‌ನಿಂದ ಬಿಚ್ಚಿದಾಗ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಅದು ಸುಮಾರು 23 ಮೈಕ್ರಾನ್ ಉಬ್ಬಿರುತ್ತದೆ. ಆ ಸೈಜಿಗೆ ಎಚ್7ರ ಪೂರ್ತಿ ಟಾಲರೆನ್ಸೇ 25 ಮೈಕ್ರಾನ್! ಬಿಸಿಯಲ್ಲಿ ಓಕೆ ಆದ ಜಾಬ್ ಊಟ ಮುಗಿಸಿ ಬರುವಷ್ಟರಲ್ಲಿ ಅಂಡರ್‌ಸೈಜ್. ಸ್ಟೀಲಿನಲ್ಲಿ ಇದರ ಅರ್ಧದಷ್ಟು. ನೀವು ಎಂಥ ದುಬಾರಿ ಮೈಕ್ರೋಮೀಟರ್ ತಂದರೂ ಈ ತಪ್ಪನ್ನು ಅದು ಹಿಡಿಯುವುದಿಲ್ಲ. ಹಾಗೆಯೇ ಮೈಕ್ರೋಮೀಟರನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಮಾತಾಡುತ್ತಾ ನಿಂತರೆ ಅದರ ಫ್ರೇಮೂ ಹಿಗ್ಗುತ್ತದೆ. ಫ್ರೇಮಿನ ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರುವುದು ಅದಕ್ಕೇ.

ಡಿಜಿಟಲ್ ಮೈಕ್ರೋಮೀಟರ್ 0.001 ತೋರಿಸುತ್ತದೆ. ಗ್ರೈಂಡಿಂಗ್ ಕೆಲಸದವರಿಗೆ ಅದು ಬೇಕು. ಟರ್ನಿಂಗ್ ಕಲಿಯುವವರಿಗೆ ಮಾಮೂಲಿ 0.01 ಸಾಕು, ಎರಡು ಗೆರೆ ನಡುವಿನ ಜಾಗವನ್ನು ಕಣ್ಣಲ್ಲೇ ಭಾಗ ಮಾಡಿ ಓದಲು ಕಲಿಯಿರಿ.

ಬೋರ್ ಅಳೆಯಲು

ಇಲ್ಲಿ ಸ್ವಂತಕ್ಕೆ ಏನೂ ಕೊಳ್ಳಬೇಡಿ, ಶಾಪಿನದ್ದನ್ನೇ ಬಳಸಿ ಕಲಿಯಿರಿ. ಕ್ಯಾಲಿಪರಿನ ಮೇಲಿನ ಸಣ್ಣ ಜಾ ರಫಿಂಗ್‌ಗೆ (ಮೊದಲ ಒರಟು ಕಟ್) ಮಾತ್ರ. ಸಣ್ಣ ತೂತಿನಲ್ಲಿ ಅದರ ಚಪ್ಪಟೆ ಅಂಚು ದುಂಡಿಗೆ ಪೂರ್ತಿ ತಾಗದೆ ಸೈಜ್ ಕಡಿಮೆ ತೋರಿಸುತ್ತದೆ. ಟೆಲಿಸ್ಕೋಪಿಕ್ ಗೇಜ್ ಅಗ್ಗ, ಆದರೆ ಅದನ್ನು ಬೋರಿನಲ್ಲಿ ಲಾಕ್ ಮಾಡಿ, ಹೊರತೆಗೆದು, ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಎರಡು ಕೈಗಳ ತಪ್ಪು ಒಂದರ ಮೇಲೊಂದು ಕೂರುತ್ತದೆ. ಒಂದೇ ಸೈಜಿನ ಬ್ಯಾಚ್ ಓಡುತ್ತಿದ್ದರೆ ಗೋ–ನೋಗೋ ಪ್ಲಗ್ ಗೇಜಿಗಿಂತ ವೇಗವಾದದ್ದು ಇಲ್ಲ, ಆದರೆ ಅದು ಹೋಗುತ್ತದೆ ಇಲ್ಲಾ ಹೋಗುವುದಿಲ್ಲ ಎನ್ನುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಟೂಲ್ ಸವೆಯುತ್ತಾ ಸೈಜ್ ಯಾವ ಕಡೆ ಸರಿಯುತ್ತಿದೆ ಎಂದು ತಿಳಿಯಬೇಕಾದರೆ ಬೋರ್ ಡಯಲ್ ಗೇಜೇ ಬೇಕು. ರಿಂಗ್ ಗೇಜಿನಲ್ಲಿ ಸೆಟ್ ಮಾಡಿ, ರಿಂಗ್ ಇಲ್ಲದಿದ್ದರೆ ಮೈಕ್ರೋಮೀಟರನ್ನು ಸೈಜಿಗೆ ಲಾಕ್ ಮಾಡಿ ಅದರಲ್ಲಿ. ಬೋರಿಗೆ ಇಳಿಸಿದ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗಿ. ಮುಳ್ಳು ಒಂದು ಕಡೆ ಹೋಗಿ, ನಿಂತು, ವಾಪಸ್ ತಿರುಗುವ ಜಾಗವೇ ಸೈಜ್.

ಡಯಲ್: ನೆಟ್ಟಗಿನದ್ದೋ ಪಪ್ಪಿಯೋ

ಜಾಬ್ ಎಷ್ಟು ಆಚೀಚೆ ಓಡುತ್ತದೆ ಎಂದು ಮುಳ್ಳಿನಲ್ಲಿ ತೋರಿಸುವುದು ಡಯಲ್. ಕಡ್ಡಿ ನೆಟ್ಟಗೆ ಒಳಕ್ಕೆ ಹೊರಕ್ಕೆ ಹೋಗುವ ಪ್ಲಂಜರ್ ಡಯಲ್ ಮೊದಲು, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಸಮೇತ. ರೇಂಜ್ ಹೆಚ್ಚು, ಹೊಸಬರ ಕೈಯಲ್ಲೂ ಬಾಳಿಕೆ ಬರುತ್ತದೆ. ಕಡ್ಡಿ ಪಕ್ಕಕ್ಕೆ ವಾಲುವ ಪಪ್ಪಿ ಡಯಲ್ ಸಣ್ಣದು, ಸಂದಿಯೊಳಗೂ ಬೋರಿನೊಳಗೂ ಹೋಗುತ್ತದೆ, ಮಿಲ್ಲಿಂಗ್ ವೈಸ್ ನೇರ ಮಾಡಲು ಅದಿಲ್ಲದೆ ಆಗುವುದಿಲ್ಲ. ಅದರ ಕಡ್ಡಿ ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿರಬೇಕು, ಎದ್ದು ನಿಂತಷ್ಟೂ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ನಾಲ್ಕು ಜಾ ಚಕ್ಕಿನಲ್ಲಿ ಜಾಬ್ ಸೆಂಟರ್ ಮಾಡುವಾಗ ಒಂದು ಮಾತು ನೆನಪಿರಲಿ: ಒಂದು ಸುತ್ತಿನಲ್ಲಿ ಡಯಲ್ ಒಟ್ಟು 0.10 ತೋರಿಸಿದರೆ ಜಾಬ್ ಸರಿಸಬೇಕಾದ್ದು 0.05. ಪೂರ್ತಿ ಸರಿಸಿ ಆಮೇಲೆ ಇನ್ನೊಂದು ಕಡೆಯಿಂದ ವಾಪಸ್ ತರುತ್ತಾ ಅರ್ಧ ಗಂಟೆ ಕಳೆಯುವವರನ್ನು ನೋಡಿದ್ದೇನೆ.

ಎಲ್ಲಿ, ಯಾವ ಕಂಪನಿ

ಮಿಟುಟೊಯೊ ತಗೊಳ್ಳುವ ಶಕ್ತಿ ಇದ್ದರೆ ಮೈಕ್ರೋಮೀಟರಿಗೆ ಆ ದುಡ್ಡು ಹಾಕಿ. 1934ರಲ್ಲಿ ಆ ಕಂಪನಿ ಶುರುವಾದದ್ದೇ ಮೈಕ್ರೋಮೀಟರಿಗಾಗಿ. ವರ್ನಿಯರಿಗೆ, ಡಯಲಿಗೆ ನಮ್ಮ ದೇಶದ ಬೇಕರ್ ಸಾಕು, ಇನ್‌ಸೈಜ್ ಕೂಡ ಕಲಿಯುವವರಿಗೆ ನಡೆಯುತ್ತದೆ. ಆದರೆ ಎಲ್ಲಕ್ಕೂ ಹಂಚಿ ಮೂರು ಅಗ್ಗದವು ತರಬೇಡಿ. ಬೆಂಗಳೂರಿನ ಎಸ್‌ಜೆಪಿ ರೋಡಿನಲ್ಲಿ ಎಲ್ಲಾ ಸಿಗುತ್ತದೆ, ದೊಡ್ಡ ಹೆಸರಿನ ನಕಲಿಯೂ ಮಾರುಕಟ್ಟೆಯಲ್ಲಿದೆ. ಬೆಲೆ ಅರ್ಧಕ್ಕೆ ಬಂತು ಎಂದರೆ ಬಿಲ್ ಕೇಳಿ, ಸೀರಿಯಲ್ ನಂಬರ್ ನೋಡಿ, ಅಂಗಡಿಯಲ್ಲೇ ಜಾ ಮುಚ್ಚಿ ಬೆಳಕಿಗೆ ಹಿಡಿಯಿರಿ. ಸಂದಿನಿಂದ ಬೆಳಕು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬಂದರೆ ಇಟ್ಟು ಬನ್ನಿ.

ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಶಾಪಿನ ಉಪಕರಣಕ್ಕೆ ಬೇಕು, ಆಡಿಟ್‌ನವರು ಕೇಳುತ್ತಾರೆ. ತುಮಕೂರು ರಸ್ತೆಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಸಿಎಂಟಿಐನಂಥ ಕಡೆ ಆ ಕೆಲಸ ಆಗುತ್ತದೆ. ನಿಮ್ಮ ಸ್ವಂತದ್ದಕ್ಕೆ ತಿಂಗಳಿಗೊಮ್ಮೆ ಕ್ಯೂಸಿಯವರನ್ನು ಕೇಳಿ ಸ್ಲಿಪ್ ಗೇಜ್ (ಖಚಿತ ಅಳತೆಯ ತುಂಡು) ಹಿಡಿದು ನೋಡಿಕೊಂಡರೆ ಸಾಕು.

ಅಭ್ಯಾಸಕ್ಕೊಂದು ಬೇರಿಂಗ್

ದಿನಾ ಅಭ್ಯಾಸಕ್ಕೆ ಸ್ಲಿಪ್ ಗೇಜ್ ನಿಮ್ಮ ಕೈಗೆ ಸಿಗುವುದಿಲ್ಲ, ಕೊಡಲೂ ಬಾರದು. ಒಂದು ಹೊಸ 608 ಬೇರಿಂಗ್ ತನ್ನಿ, ಸ್ಕೇಟಿಂಗ್ ಚಕ್ರದಲ್ಲಿ ಇರುವಂಥದ್ದು. ಒಳ್ಳೆಯ ಕಂಪನಿಯದ್ದಾದರೆ ಅದರ ಹೊರ ಡಯಾ 22.000ದಿಂದ 21.991ರ ನಡುವೆ ಇರುತ್ತದೆ. ಕಾಫಿ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯ ಮಾಸ್ಟರ್ (ಹೋಲಿಸಿ ನೋಡುವ ಅಳತೆ) ಸಿಗದು. ಅದು ನಿಮ್ಮ 0–25ರ ಒಳಗೂ ಬರುತ್ತದೆ.

ದಿನಾ ಶಿಫ್ಟ್ ಶುರುವಾಗುವ ಮೊದಲು ಹತ್ತು ಸಲ ಅಳೆದು ಬರೆಯಿರಿ, ಪ್ರತಿ ಸಲ ಪೂರ್ತಿ ಬಿಚ್ಚಿ ಮತ್ತೆ ಹಿಡಿದು. ಹಿಂದಿನ ರೀಡಿಂಗನ್ನು ಕೈಯಿಂದ ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಕಣ್ಣು ಅದನ್ನೇ ಮತ್ತೆ ಓದುತ್ತದೆ. ವರ್ನಿಯರಿನಲ್ಲಿ ಹತ್ತು, ಮೈಕ್ರೋಮೀಟರಿನಲ್ಲಿ ಹತ್ತು. ಮೊದಲ ದಿನ ಮೈಕ್ರೋಮೀಟರಿನ ರೀಡಿಂಗ್‌ಗಳೇ ಎರಡು ಮೂರು ಗೆರೆ ಚೆಲ್ಲಾಡಿರುತ್ತವೆ. ಬೇರಿಂಗ್ ಬದಲಾಗಿಲ್ಲ, ಬದಲಾಗುತ್ತಿರುವುದು ನಿಮ್ಮ ಕೈ. ಈ ಸಲ ಬಂದ ಹುಡುಗ ಹತ್ತಕ್ಕೆ ಹತ್ತನ್ನೂ ಅರ್ಧ ಗೆರೆಯೊಳಗೆ ತರಲು ಐದು ವಾರ ತಗೊಂಡ. ಆ ಸೋಮವಾರ ಪುಸ್ತಕ ತಂದು ತೋರಿಸಿ, "ಅಣ್ಣ, ಈಗ ಡಿಜಿಟಲ್ ತಗೊಳ್ಲಾ?" ಅಂದ. ತಗೋ ಅಂದೆ. ಶನಿವಾರ ಎಸ್‌ಜೆಪಿ ರೋಡಿಗೆ ಹೋದವನು 25–50 ಮೈಕ್ರೋಮೀಟರ್ ತಂದಿದ್ದ.